ಅರವತ್ತನೆಯ ಮಣೆ

ನನ್ನ ಮೈದುನ ಫಣಿರಾಜ ತನ್ನ ಪಂಕ್ತಿ ಯಂತ್ರವನ್ನು ನಮಗೆ ತೋರಿಸಿದ್ದು ಮೊಮ್ಮಗಳ ನಾಮಕರಣದ ಹಿಂದಿನ ದಿನ. ನಾನು ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ. ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿಗೆ, ಕೈ ತೊಳೆದು ಬನ್ನಿ. ಇನ್ನು ಮೇಲೆ ಈ ಮನೆಯಲ್ಲಿ ಯಾರೂ ಅರ್ಧ ಸಾಲಿನಲ್ಲಿ ಕೂತು ಕಾಯುವ ಹಾಗಿಲ್ಲ," ಎಂದ.

ಫಣಿ ಅರಸೀಕೆರೆಯಲ್ಲಿ ಮೂವತ್ತನಾಲ್ಕು ವರ್ಷ ರೈಲ್ವೆ ಸಿಗ್ನಲ್ ರಿಪೇರಿ ಮಾಡಿ ನಿವೃತ್ತನಾದವನು. ಮದುವೆಯಾಗಲಿಲ್ಲ. ನಮ್ಮ ಮನೆಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಅವನ ಶೆಡ್ಡು. ಅಲ್ಲಿಂದ ಆರು ತಿಂಗಳಿಗೊಂದು ಯಂತ್ರ ಹೊರಬರುತ್ತದೆ. ಹೋದ ವರ್ಷ ಮೋಡ ಕಂಡರೆ ಬಟ್ಟೆಯನ್ನು ತಾನೇ ಒಳಗೆಳೆದುಕೊಳ್ಳುವ ಹಗ್ಗ ಮಾಡಿದ್ದ. ಅದು ಕಾಗೆಯ ನೆರಳಿಗೂ ಎಳೆದುಕೊಳ್ಳುತ್ತಿತ್ತು. ಎರಡು ತಿಂಗಳು ನಮ್ಮ ಮನೆಯಲ್ಲಿ ಯಾರೂ ಒಣಗಿದ ಬಟ್ಟೆ ಉಡಲಿಲ್ಲ. ಆದರೂ ಅವನು ಕರೆದರೆ ನಾನು ಹೋಗುತ್ತೇನೆ. ಕರೆಯಲು ಅವನಿಗೆ ಬೇರೆ ಯಾರಿದ್ದಾರೆ?

ನಡುಮನೆಯಲ್ಲಿ ಇಪ್ಪತ್ತನಾಲ್ಕು ಮಣೆ ಹರಡಿದ್ದ. ಪ್ರತಿ ಮಣೆಗೂ ಕೆಳಗೆ ನಾಲ್ಕು ಸಣ್ಣ ಚಕ್ರ, ಮುಂದೆ ಕೊಂಡಿ ಹಾಕಿದ ಒಂದು ಹಲಗೆ. ಹಲಗೆಯ ಮೇಲೆ ಬಾಳೆ ಎಲೆ ಹಾಸಬೇಕು. ಮಣೆ ಹೋದಲ್ಲಿ ಎಲೆಯೂ ಹೋಗುತ್ತದೆ. ಯಾರ ಎಲೆಗೂ ಯಾರ ಎಂಜಲೂ ಬೀಳುವುದಿಲ್ಲ. ಸ್ಟೂಲಿನ ಮೇಲೊಂದು ತಗಡಿನ ಪೆಟ್ಟಿಗೆ. ಎಷ್ಟು ಮಣೆಯ ಮೇಲೆ ಭಾರ ಬಿದ್ದಿದೆ ಎಂದು ಅದು ಎಣಿಸಿ, ಅಷ್ಟೂ ಮಣೆಗಳನ್ನು ಸಮ ಸಾಲುಗಳಲ್ಲಿ ನಿಲ್ಲಿಸುತ್ತದೆ.

ನಮ್ಮ ಕಡೆ ಊಟಕ್ಕೆ ಕೂತಾಗ ಕೊನೆಯ ಸಾಲು ಅರ್ಧ ಖಾಲಿ ಇದ್ದರೆ ಬಡಿಸುವುದನ್ನು ನಿಲ್ಲಿಸುತ್ತಾರೆ. ಆ ಸಾಲು ತುಂಬುವವರೆಗೆ ಮೊದಲ ಸಾಲಿನವರೂ ಉಪ್ಪಿನಕಾಯಿ ನೋಡುತ್ತ ಕೂರಬೇಕು. ಒಂದು ಮದುವೆಯಲ್ಲಿ ಫಣಿ ಹಾಗೆ ಮುಕ್ಕಾಲು ಗಂಟೆ ಕಾದಿದ್ದನಂತೆ. ಯಂತ್ರ ಹುಟ್ಟಿದ್ದು ಆ ಹಸಿವಿನಲ್ಲಿ.

ಹನ್ನೆರಡು ಮಣೆಯ ಮೇಲೆ ಒಂದೊಂದು ಇಟ್ಟಿಗೆ ಇಟ್ಟ. ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿತು. "ದಯವಿಟ್ಟು ಗಮನಿಸಿ. ಹನ್ನೆರಡು ಜನ. ಮೂರು ಸಾಲು. ಸಾಲಿಗೆ ನಾಲ್ವರು." ದನಿ ಫಣಿಯದೇ, ಆದರೆ ಸ್ಟೇಷನ್ನಿನಲ್ಲಿ ರೈಲು ಬರುವುದನ್ನು ಹೇಳುವ ರಾಗದಲ್ಲಿ. ಇಟ್ಟಿಗೆಗಳು ಉರುಳಿಕೊಂಡು ಹೋಗಿ ಮೂರು ಸಾಲಾಗಿ ನಿಂತವು. ಇಪ್ಪತ್ತನಾಲ್ಕು ಇಟ್ಟಾಗ ನಾಲ್ಕು ಸಾಲು, ಸಾಲಿಗೆ ಆರು. ಅವನು ಬೇರೆ ಕಡೆಯಿಂದ ಇನ್ನೊಂದು ಮಣೆ ತಂದಿಟ್ಟ ಕೂಡಲೇ ನಮ್ಮ ಬೆಕ್ಕು ಅದರ ಮೇಲೆ ಹೋಗಿ ಕೂತಿತು. ಪೆಟ್ಟಿಗೆ ಬೆಕ್ಕನ್ನೂ ಎಣಿಸಿ, ಐದು ಸಾಲು, ಸಾಲಿಗೆ ಐವರು ಎಂದಿತು. ಬೆಕ್ಕು ಕದಲದೆ ಐದನೆಯ ಸಾಲಿನ ತುದಿಗೆ ಪ್ರಯಾಣ ಮಾಡಿತು.

"ಎಲ್ಲ ಸಂಖ್ಯೆಗೂ ಹೀಗೇ ಆಗುತ್ತೇನೋ?" ಎಂದು ಕೇಳಿದೆ.

"ಹನ್ನೆರಡು, ಇಪ್ಪತ್ತನಾಲ್ಕು, ಮೂವತ್ತಾರು, ನಲವತ್ತೆಂಟು, ಅರವತ್ತು. ಎಲ್ಲ ನೋಡಿದ್ದೇನೆ."

"ಇಪ್ಪತ್ತಮೂರು?"

"ಮಣೆ ಮಾಡಿರೋದೇ ಡಜನ್ ಲೆಕ್ಕದಲ್ಲಿ ಅತ್ತಿಗೆ. ಒಟ್ಟು ಐದು ಡಜನ್. ಇಪ್ಪತ್ತಮೂರು ಎಲ್ಲಿಂದ ಬರುತ್ತೆ?"

ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವರು ತುಂಗತ್ತೆ. ನಮ್ಮ ಮಾವನವರ ತಂಗಿ, ಎಂಬತ್ತೆರಡು ವರ್ಷ. ಮನೆಯ ಶುಭಕಾರ್ಯಗಳಲ್ಲಿ ಕೊನೆಯ ಮಾತು ಅವರದು.

"ಫಣಿ, ಯಾರ ಪಕ್ಕ ಯಾರು ಕೂರಬೇಕು ಅನ್ನೋದೂ ಇದಕ್ಕೆ ತಿಳಿಯುತ್ತಾ?"

"ಮಣೆಗೆ ನಂಬರ್ ಇದೆ ಅತ್ತೆ. ಒಂದರ ಪಕ್ಕ ಎರಡು, ಎರಡರ ಪಕ್ಕ ಮೂರು. ಆ ಕ್ರಮ ಯಾವತ್ತೂ ತಪ್ಪಲ್ಲ."

ತುಂಗತ್ತೆ ಬೆರಳು ಮಡಚಿ ಎಣಿಸತೊಡಗಿದರು. "ನಮ್ಮವರು ನಲವತ್ತು. ಅವರು ಹದಿನಾರು."

ಆ 'ಅವರು' ಎಂದರೆ ನನ್ನ ಮಗಳ ಮನೆಯವರು.

ವಿನುತಾ ನಾಲ್ಕು ವರ್ಷದ ಹಿಂದೆ ಕಾಂತರಾಜುವನ್ನು ಮದುವೆಯಾದಳು. ನಮ್ಮ ಜನವಲ್ಲ. ನನಗೆ ಅದು ದೊಡ್ಡದಾಗಲಿಲ್ಲ, ಹುಡುಗ ಒಳ್ಳೆಯವನು. ನಮ್ಮ ಮನೆಯವರು, ವಿನುತಳ ಅಪ್ಪ, ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ಪೇಪರ್ ಮಡಚಿಟ್ಟು ಬಿಸಿಲಿಗೆ ಹೋದರು. ಮದುವೆಯಾದ ಮೇಲೆ ಮೊದಲ ಸಲ ಬಂದಾಗ ತುಂಗತ್ತೆ, "ಬರಲಿ, ಉಣ್ಣಲಿ, ಸಂತೋಷ. ನಮ್ಮ ಸಾಲು ಬೇರೆ, ಅವರ ಸಾಲು ಬೇರೆ," ಎಂದರು. ಮಗಳು, "ಎಲ್ಲರೂ ಒಂದೇ ಸಾಲಿನಲ್ಲಿ ಕೂರುವ ದಿನ ನಾನೂ ಕೂರುತ್ತೇನೆ," ಎಂದಳು. ಅವತ್ತಿನಿಂದ ಈ ಮನೆಯಲ್ಲಿ ಅವಳು ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕಿಲ್ಲ. ಜಗಳವಿಲ್ಲ, ಕೋಪವಿಲ್ಲ. ಬರುತ್ತಾಳೆ, ನನ್ನ ಜೊತೆ ಮಾತಾಡುತ್ತ ತರಕಾರಿ ಹೆಚ್ಚಿಕೊಡುತ್ತಾಳೆ, ಒಗ್ಗರಣೆಯ ವಾಸನೆ ಬರುವ ಹೊತ್ತಿಗೆ ಚಪ್ಪಲಿ ಹಾಕಿಕೊಳ್ಳುತ್ತಾಳೆ. ಬಾಣಂತನವೂ ಅತ್ತೆಮನೆಯಲ್ಲೇ ಆಯಿತು. ಮಗುವನ್ನು ತೊಟ್ಟಿಲಿಗೆ ಹಾಕುವುದಾದರೂ ತಾಯಿಮನೆಯಲ್ಲಾಗಲಿ ಎಂದವರು ಅವಳ ಮಾವ, ಓಬಳಯ್ಯ ಮೇಷ್ಟ್ರು. ಅದಕ್ಕೆ ಅವಳು ಒಪ್ಪಿದಳು. "ಬರ್ತೀನಮ್ಮ. ನನ್ನ ಊಟ ಕ್ಯಾರಿಯರ್‌ನಲ್ಲಿ ಕಟ್ಟಿಕೊಂಡು ಬರ್ತೀನಿ," ಎಂದಳು.

ತುಂಗತ್ತೆ ಕೆಟ್ಟವರೆಂದು ನಾನು ಯಾರ ಹತ್ತಿರವೂ ಹೇಳುವುದಿಲ್ಲ. ವಿನುತಾ ಹುಟ್ಟಿದಾಗ ನನಗೆ ಬಾಣಂತನ ಮಾಡಿದವರು ಅವರೇ. ಮೂರು ತಿಂಗಳು ನನ್ನ ತಲೆಗೆ ನೀರು ಹಾಕಿದ ಕೈ ಅದು. ಅವರಿಗೆ ಒಂದು ಗೆರೆ ಗೊತ್ತು. ಆ ಗೆರೆಯ ಆಚೆಗೆ ಏನಿದೆ ಎಂದು ನೋಡಲು ಎಂಬತ್ತೆರಡು ವರ್ಷದಲ್ಲಿ ಯಾರೂ ಅವರನ್ನು ಕರೆದುಕೊಂಡು ಹೋಗಲಿಲ್ಲ.

"ಐವತ್ತಾರು ಜನ ಅಂದರೆ ಹೇಗೆ ಕೂರಿಸುತ್ತೆ?" ಎಂದರು.

ಫಣಿ ಪೆಟ್ಟಿಗೆಯ ಗುಂಡಿ ಒತ್ತಿ ನೋಡಿದ. "ಏಳು ಸಾಲು, ಸಾಲಿಗೆ ಎಂಟು."

"ಎಂಟೈದಲೆ ನಲವತ್ತು. ನಮ್ಮವರು ಐದು ಸಾಲು. ಎಂಟೆರಡಲೆ ಹದಿನಾರು. ಅವರು ಎರಡು ಸಾಲು. ಗಡಿ ಸರಿಯಾಗಿ ಬೀಳುತ್ತೆ." ತುಂಗತ್ತೆಗೆ ತೃಪ್ತಿಯಾಯಿತು. "ನಲವತ್ತನೆಯ ಮಣೆ ನನಗಿರಲಿ. ಗಡಿಯಲ್ಲಿ ಒಬ್ಬರು ಇರಬೇಕು. ಫಣಿ, ನೀನು ಪೆಟ್ಟಿಗೆ ಇಟ್ಟುಕೊಂಡು ಮೂವತ್ತೊಂಬತ್ತರಲ್ಲಿ ಕೂತಿರು."

ಅವರು ಮಲಗಲು ಹೋದ ಮೇಲೆ ಫಣಿ ನನ್ನ ಮುಖ ನೋಡಿ ತಲೆ ತಗ್ಗಿಸಿದ. "ಯಂತ್ರಕ್ಕೆ ಅದೆಲ್ಲ ಗೊತ್ತಿಲ್ಲ ಅತ್ತಿಗೆ. ಅದಕ್ಕೆ ಗೊತ್ತಿರೋದು ಭಾಗಾಕಾರ ಒಂದೇ."

"ನಿನ್ನದೇನು ತಪ್ಪಿಲ್ಲ ಬಿಡು," ಎಂದು ಹೂರಣಕ್ಕೆ ವಾಪಸ್ ಹೋದೆ.

*

ಮಾರನೆಯ ದಿನ ಹನ್ನೆರಡಕ್ಕೆ ಮಗುವನ್ನು ತೊಟ್ಟಿಲಿಗೆ ಹಾಕಿದೆವು. ಒಂದು ಗಂಟೆಗೆ ಎಲೆ ಹಾಕಿದೆವು. ಶೆಡ್ಡಿನಿಂದ ಮಣೆಗಳು ತಾವೇ ಉರುಳಿ ಬರಲೆಂದು ಫಣಿ ರಸ್ತೆಯಿಂದ ಜಗುಲಿಗೆ ಹಲಗೆ ಇಟ್ಟು, ಹೊಸ್ತಿಲ ಮೇಲೆ ಒಂದು ತಗಡು ಬಾಗಿಸಿ ಹೊದಿಸಿದ್ದ. ಬಂದವರೆಲ್ಲ ತಮಗೆ ಹೇಳಿದ ನಂಬರಿನ ಮಣೆ ಹುಡುಕಿ ಕೂತರು. ಒಂದನೆಯ ಮಣೆಯಲ್ಲಿ, ಬೀದಿಬಾಗಿಲ ಕಡೆಗೆ, ನಮ್ಮ ಮನೆಯವರು. ನಲವತ್ತರಲ್ಲಿ ತುಂಗತ್ತೆ. ಅವರ ಹಿಂದಿನ ಸಾಲಿನಲ್ಲಿ ನಲವತ್ತೊಂದನೆಯವರಾಗಿ ಓಬಳಯ್ಯ ಮೇಷ್ಟ್ರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವರು, ತೆಳ್ಳಗೆ, ಮೇಲಿನ ಹಲ್ಲು ಅರ್ಧ ಇಲ್ಲ. ಅವರಿಂದ ಆಚೆಗೆ ಕಾಂತರಾಜು ಮತ್ತು ಅವರ ಮನೆಯವರು, ಅಡಿಗೆಮನೆಯ ಬಾಗಿಲವರೆಗೆ.

"ದಯವಿಟ್ಟು ಗಮನಿಸಿ. ಐವತ್ತಾರು ಜನ. ಏಳು ಸಾಲು. ಸಾಲಿಗೆ ಎಂಟು."

ಮಣೆಗಳು ಒಂದು ಗೇಣು ಅತ್ತಿತ್ತ ಸರಿದು ನಿಂತವು. ಜನ ಮೆಚ್ಚಿಕೊಂಡರು. ವಿನುತಾ ತೊಟ್ಟಿಲ ಪಕ್ಕ ನಿಂತಿದ್ದಳು. ಕ್ಯಾರಿಯರ್ ಅವಳ ಕಾಲ ಹತ್ತಿರ ಇತ್ತು. ನಾನು ಉಪ್ಪು, ಕೋಸಂಬರಿ ಬಡಿಸುತ್ತ ಹೋದೆ. ಅಡಿಗೆಯವರಿಬ್ಬರು ಪಲ್ಯದ ಪಾತ್ರೆ ಹಿಡಿದು ಹಿಂದೆ ಬಂದರು.

ಆಗ ಸುಬ್ಬಣ್ಣ ಮಾವ ಬಂದರು. ತುಂಗತ್ತೆಯ ಸ್ವಂತ ಮೈದುನ. ಬರುವುದಿಲ್ಲ ಎಂದು ಫೋನ್ ಮಾಡಿದ್ದವರು, ಒಬ್ಬಟ್ಟು ಎಂದು ಗೊತ್ತಾಗಿ ತಿಪಟೂರಿನಿಂದ ಬಸ್ಸು ಹತ್ತಿದ್ದರು. ಬಂದವರೇ ಹಿಂದೆ ಖಾಲಿ ಇದ್ದ ನಾಲ್ಕು ಮಣೆಯಲ್ಲಿ ಐವತ್ತೇಳನೆಯದರ ಮೇಲೆ ಕೂತರು.

"ದಯವಿಟ್ಟು ಗಮನಿಸಿ. ಐವತ್ತೇಳು ಜನ. ಮೂರು ಸಾಲು. ಸಾಲಿಗೆ ಹತ್ತೊಂಬತ್ತು. ಎಲೆಯಿಂದ ಕೈ ತೆಗೆಯಿರಿ."

ಯಾರೂ ಕೈ ತೆಗೆಯುವಷ್ಟು ಹೊತ್ತು ಅದು ಕೊಡಲಿಲ್ಲ. ಐವತ್ತೇಳು ಮಣೆ ಒಟ್ಟಿಗೆ ಹೊರಟವು. ಪಲ್ಯ ಬಡಿಸಲು ಬಗ್ಗಿದ್ದ ಅಡಿಗೆಯವನು ಬಡಿಸಿದ್ದು ನೆಲಕ್ಕೆ. ಎಲೆ ಆರಡಿ ಮುಂದೆ ಹೋಗಿತ್ತು. ನಿಂತ ಮೇಲೆ ನೋಡಿದರೆ ಮೂರನೆಯ ಸಾಲಿನ ತಲೆಯಲ್ಲಿ ಫಣಿ, ಅವನ ಪಕ್ಕ ತುಂಗತ್ತೆ, ಅವರ ಪಕ್ಕ ಓಬಳಯ್ಯ ಮೇಷ್ಟ್ರು.

"ಇದೇನೋ ಇದು ಫಣಿ?"

ಫಣಿ ಬಾಯಿ ತೆರೆಯುವ ಮೊದಲೇ ಸುಬ್ಬಣ್ಣ ಮಾವನ ಹೆಂಡತಿ ಜಯಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದು ಗಂಡನ ಪಕ್ಕ ಕೂತರು. ಐವತ್ತೆಂಟು. ಎರಡು ಸಾಲು, ಸಾಲಿಗೆ ಇಪ್ಪತ್ತೊಂಬತ್ತು. ಮತ್ತೆ ಎಲ್ಲವೂ ಹೊರಟವು. ನಡುಮನೆಯಲ್ಲಿ ಅಷ್ಟು ಉದ್ದದ ಸಾಲಿಗೆ ಜಾಗವಿಲ್ಲದೆ ಎರಡರ ಬಾಲವೂ ಜಗುಲಿಗೆ ಹೋಯಿತು. ನೀರಿನ ಲೋಟಗಳು ಉರುಳಿದವು. ಒಬ್ಬರು ಕೋಸಂಬರಿಯ ತುತ್ತು ಬಾಯಿಗಿಡುವಷ್ಟರಲ್ಲಿ ಕಂಬ ದಾಟಿದ್ದರು. ತುಂಗತ್ತೆಯ ಪಕ್ಕದಲ್ಲಿ ಆಗಲೂ ಮೇಷ್ಟ್ರೇ ಇದ್ದರು. ಮೇಷ್ಟ್ರು ಎಲೆ ನೋಡುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

"ಸುಬ್ಬಣ್ಣ, ಏಳು. ನಿನ್ನಿಂದಲೇ ಇದೆಲ್ಲ. ಎರಡನೆಯ ಪಂಕ್ತಿಗೆ ಕೂತ್ಕೋ," ಎಂದರು ತುಂಗತ್ತೆ.

"ಉಪ್ಪು ಬಿದ್ದಿದೆ ಅತ್ತಿಗೆ," ಎಂದರು ಸುಬ್ಬಣ್ಣ ಮಾವ. "ಎಲೆಗೆ ಉಪ್ಪು ಬಿದ್ದ ಮೇಲೆ ಒಬ್ಬನೇ ಎದ್ದರೆ ಇಡೀ ಪಂಕ್ತಿ ಕೈ ತೊಳೀಬೇಕು ಅಂತ ನನ್ನ ಮದುವೆಯಲ್ಲಿ ಹೇಳಿದವರು ನೀವೇ. ನಾನು ಎದ್ದರೆ ಐವತ್ತೆಂಟು ಜನ ಉಪವಾಸ."

ಅದು ತುಂಗತ್ತೆಯದೇ ಕಟ್ಟಳೆ. ಅವರು ಅದನ್ನು ಮುರಿಯುವವರಲ್ಲ.

"ಆರಿಸಿಬಿಡು ಫಣಿ ಅದನ್ನ."

"ಆರಿಸಿದರೆ ಮಣೆ ಎಲ್ಲ ಶೆಡ್ಡಿಗೆ ವಾಪಸ್ ಹೋಗುತ್ತವೆ ಅತ್ತೆ. ಕೂತಿರೋರ ಸಮೇತ. ಕೆಲಸ ಮುಗಿದ ಮೇಲೆ ಗಾಡಿ ಲೈನ್ ಮೇಲೆ ನಿಲ್ಲಬಾರದು."

"ಹಾಗಾದರೆ ಗಡಿ ಸರಿಯಾಗಿ ಬೀಳೋ ಲೆಕ್ಕ ಹೇಳು. ಮುಂದಿನದು ಯಾವುದು?"

ಫಣಿ ಎಲೆಯ ಅಂಚಿನಲ್ಲಿ ಉಗುರಿನಿಂದ ಗೀಚಿ ಲೆಕ್ಕ ಮಾಡಿದ. ಅವನ ಮುಖ ಅರಳಿತು. "ಅರವತ್ತು! ಬಂಗಾರದಂಥ ಸಂಖ್ಯೆ ಅತ್ತೆ. ಎರಡರಿಂದ ಹೋಗುತ್ತೆ, ಮೂರರಿಂದ, ನಾಲ್ಕರಿಂದ, ಐದರಿಂದ, ಆರರಿಂದ. ಹತ್ತರಿಂದ, ಹನ್ನೆರಡರಿಂದಲೂ. ಆರು ಸಾಲು ಆಗುತ್ತೆ, ಸಾಲಿಗೆ ಹತ್ತು. ನಮ್ಮವರು ನಲವತ್ತು ಅಂದರೆ ನಾಲ್ಕು ಸಾಲು. ಉಳಿದವರು ಎರಡು."

"ಇನ್ನಿಬ್ಬರು ಬೇಕು ಅಷ್ಟೇ ತಾನೆ?" ತುಂಗತ್ತೆ ಸುತ್ತ ನೋಡಿದರು. ಮನೆಯಲ್ಲಿ ಕೂರದೆ ಇದ್ದವರು ಅಡಿಗೆಯವರಿಬ್ಬರು, ಅವರು ಕೂತರೆ ಊಟವೇ ಇಲ್ಲ. ಮತ್ತೆ ನಾನು, ವಿನುತಾ.

"ಅನಸೂಯಾ, ನೀನು ಬಾ. ಅವಳನ್ನೂ ಕರಿ."

ಆ ಲೆಕ್ಕದಲ್ಲಿ ನಮ್ಮಿಬ್ಬರ ಮಣೆ ಐವತ್ತೊಂಬತ್ತು, ಅರವತ್ತು. ಎಂದರೆ ಗಡಿಯ ಆಚೆಗೆ. ಮೂವತ್ತೊಂದು ವರ್ಷ ಈ ಮನೆಯ ಒಲೆಯ ಮುಂದೆ ನಿಂತವಳು ಆ ಒಂದು ಮಾತಿನಲ್ಲಿ ನಾನೂ 'ಅವರು' ಆದೆ. ತುಂಗತ್ತೆಗೆ ಅದು ಹೊಳೆಯಲಿಲ್ಲ.

ವಿನುತಾ ತೊಟ್ಟಿಲ ಹಗ್ಗ ಬಿಡಲಿಲ್ಲ. "ಲೆಕ್ಕ ತುಂಬಿಸೋಕಾ ಅಜ್ಜಿ?"

"ಹೌದು ಕಣೆ, ಲೆಕ್ಕಕ್ಕೇ. ನಾಲ್ಕು ವರ್ಷದಿಂದ ಪ್ರೀತಿಯಿಂದ ಕರೆದರೆ ಕೂರಲಿಲ್ಲ. ಲೆಕ್ಕಕ್ಕಾದರೂ ಕೂರು."

"ಪ್ರೀತಿಯಿಂದ ಕರೆದಿದ್ದು ಆ ಸಾಲಿಗೆ ಅಜ್ಜಿ."

"ಇವತ್ತೂ ಆ ಸಾಲಿಗೇ."

ಕಾಂತರಾಜು ಎಲೆಯ ಮೇಲಿನ ಉಪ್ಪನ್ನು ಬೆರಳಿನಿಂದ ಒಂದು ಮೂಲೆಗೆ ಸರಿಸಿದ. ಮಗಳು ಬಗ್ಗಿ ಕ್ಯಾರಿಯರ್‌ನ ಹಿಡಿ ಹಿಡಿದುಕೊಂಡಳು. ಇನ್ನು ಚಪ್ಪಲಿ ಹಾಕಿಕೊಳ್ಳುತ್ತಾಳೆ ಎಂದು ನನಗೆ ಗೊತ್ತಾಯಿತು. ಈ ಸಲ ಮಗುವನ್ನೂ ಎತ್ತಿಕೊಂಡು ಹೋಗುತ್ತಾಳೆ.

ಆಗ ಓಬಳಯ್ಯ ಮೇಷ್ಟ್ರು ಮೊದಲ ಸಲ ಬಾಯಿಬಿಟ್ಟರು. ಮೆಲ್ಲಗೆ, ಪಾಠ ಹೇಳುವವರ ಹಾಗೆ. "ವಿನುತಾ, ದೊಡ್ಡವರು ಕರೆದಿದ್ದಾರೆ, ಕೂರಮ್ಮ. ಆದರೆ ನೀನು ಮೊದಲು ಕೂರು. ನಿಮ್ಮ ಅಮ್ಮ ಆಮೇಲೆ ಕೂರಲಿ. ಒಬ್ಬರಾದ ಮೇಲೆ ಒಬ್ಬರು."

ವಿನುತಾ ಮಾವನ ಮುಖ ನೋಡಿದಳು. ಅವಳ ತುಟಿ ಸ್ವಲ್ಪ ಸ್ವಲ್ಪವೇ ಅಲುಗಿತು, ಚಿಕ್ಕವಳಿದ್ದಾಗ ಮಗ್ಗಿ ಒಪ್ಪಿಸುವ ಮೊದಲು ಒಳಗೊಳಗೇ ಹೇಳಿಕೊಳ್ಳುತ್ತಿದ್ದಳಲ್ಲ, ಹಾಗೆ. ಕ್ಯಾರಿಯರ್ ಕೆಳಗಿಟ್ಟಳು. ಬಂದು ಜಯಮ್ಮನ ಪಕ್ಕ, ಐವತ್ತೊಂಬತ್ತನೆಯ ಮಣೆಯ ಮೇಲೆ ಕೂತಳು.

*

ಪೆಟ್ಟಿಗೆ ಈ ಸಲ ತಕ್ಷಣ ಉತ್ತರ ಹೇಳಲಿಲ್ಲ.

"ದಯವಿಟ್ಟು ಗಮನಿಸಿ. ಐವತ್ತೊಂಬತ್ತು ಜನ. ಎರಡರಿಂದ ಆಗುವುದಿಲ್ಲ. ಒಬ್ಬರು ಉಳಿಯುತ್ತಾರೆ."

ಕಿರಿಕಿರಿ ಸದ್ದು.

"ಮೂರರಿಂದ ಆಗುವುದಿಲ್ಲ. ಇಬ್ಬರು ಉಳಿಯುತ್ತಾರೆ. ನಾಲ್ಕರಿಂದ ಆಗುವುದಿಲ್ಲ. ಐದರಿಂದ ಆಗುವುದಿಲ್ಲ. ಆರರಿಂದ ಆಗುವುದಿಲ್ಲ."

"ಇದು ಹೀಗೆ ಯಾವತ್ತೂ ಮಾತಾಡಿರಲಿಲ್ಲ," ಎಂದ ಫಣಿ.

"ಏಳರಿಂದ ಆಗುವುದಿಲ್ಲ. ಮೂವರು ಉಳಿಯುತ್ತಾರೆ."

"ಇನ್ನು ನೋಡಬೇಕಿಲ್ಲ," ಎಂದರು ಮೇಷ್ಟ್ರು. "ಎಂಟೆಂಟಲೆ ಅರವತ್ತನಾಲ್ಕು, ದಾಟಿಹೋಯಿತು. ಎಂಟಕ್ಕಿಂತ ದೊಡ್ಡದರಿಂದ ಹೋಗಬೇಕಾದರೆ ಜೊತೆಯಲ್ಲಿ ಎಂಟಕ್ಕಿಂತ ಚಿಕ್ಕದೊಂದು ಇರಬೇಕು. ಚಿಕ್ಕದೆಲ್ಲ ನೋಡಿಯಾಯಿತು."

"ಅಂದರೆ?" ಎಂದರು ತುಂಗತ್ತೆ.

"ಐವತ್ತೊಂಬತ್ತು ಅವಿಭಾಜ್ಯ ಸಂಖ್ಯೆ ತಾಯಿ. ಅದನ್ನು ಸಮವಾಗಿ ಒಡೆಯೋಕಾಗಲ್ಲ. ಅದರದು ಒಂದೇ ಸಾಲು."

"ಒಂದು ಸಾಲು," ಎಂದಿತು ಪೆಟ್ಟಿಗೆ. "ಸಾಲಿಗೆ ಐವತ್ತೊಂಬತ್ತು. ಎಲೆಯಿಂದ ಕೈ ತೆಗೆಯಿರಿ."

ಅದನ್ನು ನೋಡಬೇಕಿತ್ತು. ಒಂದನೆಯ ಮಣೆಯಲ್ಲಿದ್ದ ನಮ್ಮ ಮನೆಯವರು ಎಂಜಿನ್ನಿನ ಹಾಗೆ ಮುಂದಾದರು. ಅವರ ಹಿಂದೆ ಎರಡು, ಮೂರು, ನಾಲ್ಕು. ಜಗುಲಿ ಇಳಿದು, ಹಲಗೆಯ ಮೇಲೆ ಸಾಗಿ, ಅಂಗಳ ದಾಟಿ, ರಸ್ತೆ ದಾಟಿ, ಮಡಿ ಪಂಚೆ ಉಟ್ಟ ಹಿರಿಯರೆಲ್ಲ ಎಲೆಯ ಮುಂದೆ ಕೈ ಕಟ್ಟಿಕೊಂಡು ಗಂಭೀರವಾಗಿ ಉರುಳುತ್ತ ಹೋದರು. ಒಂದು ಆಟೋ ನಿಂತು ದಾರಿ ಬಿಟ್ಟಿತು. ಒಂದನೆಯ ಮಣೆ ಶೆಡ್ಡಿನೊಳಗೆ ಹೋಗಿ ಗೋಡೆ ಮುಟ್ಟಿದ ಮೇಲೆ ಸಾಲು ನಿಂತಿತು.

ನಲವತ್ತನೆಯ ಮಣೆ ನಿಂತದ್ದು ಸರಿಯಾಗಿ ಹೊಸ್ತಿಲ ಮೇಲೆ. ಫಣಿ ಜಗುಲಿಯಲ್ಲಿ, ಮೇಷ್ಟ್ರು ಒಳಗೆ, ನಡುವೆ ತುಂಗತ್ತೆ. ಅವರ ಮೊಣಕೈ ಮೇಷ್ಟ್ರ ಮೊಣಕೈಗೆ ತಾಗುತ್ತಿತ್ತು. ಸಾಲಿನ ಈ ತುದಿ, ಐವತ್ತೊಂಬತ್ತನೆಯ ಮಣೆ, ಅಡಿಗೆಮನೆಯ ಬಾಗಿಲಲ್ಲಿ, ನನ್ನ ಕಾಲ ಬಳಿ. ಮಗಳು ತಲೆ ಎತ್ತಿ ನನ್ನನ್ನು ನೋಡಿದಳು. ಮಾತಾಡಿದರೆ ಅಳು ಬರುತ್ತಿತ್ತು, ಕೈಯಲ್ಲಿ ಬಿಸಿ ತೊವ್ವೆ ಇತ್ತು.

"ಅನಸೂಯಾ, ಬೇಗ ಕೂರು," ಎಂದು ಹೊಸ್ತಿಲಿಂದ ಕೂಗಿದರು ತುಂಗತ್ತೆ. "ನೀನು ಕೂತರೆ ಅರವತ್ತು. ಎಲ್ಲ ಸರಿಹೋಗುತ್ತೆ."

ಅರವತ್ತನೆಯ ಮಣೆ ಅಲ್ಲೇ, ವಿನುತಳ ಪಕ್ಕದಲ್ಲಿ, ಖಾಲಿ ಇತ್ತು. ದೊಡ್ಡವರು ಕೂರು ಎಂದಾಗ ಕೂತು, ಏಳು ಎಂದಾಗ ಎದ್ದು ಬಂದವಳು ನಾನು. ನನ್ನ ಮೊಣಕಾಲು ಅಭ್ಯಾಸಬಲದಿಂದ ಬಗ್ಗಿತು ಕೂಡ. ನಾನು ಅದರ ಮೇಲೆ ಕೂತರೆ ಅರವತ್ತು ಜನ ಆರು ಸಾಲಾಗುತ್ತಾರೆ, ಗಡಿ ಸರಿಯಾಗಿ ಬೀಳುತ್ತದೆ, ನನ್ನ ಮಗಳು ಎದ್ದು ಹೋಗುತ್ತಾಳೆ.

"ಬಡಿಸುವವರು ಬೇಕಲ್ಲ ಅತ್ತೆ," ಎಂದೆ. "ಸಾಲು ಶೆಡ್ಡಿನವರೆಗೆ ಹೋಗಿದೆ. ಇಬ್ಬರು ಸಾಕಾಗಲ್ಲ."

"ಆಮೇಲೆ ಬಡಿಸಿದರಾಯಿತು, ಮೊದಲು ಕೂರು."

"ತೊವ್ವೆ ಆರುತ್ತೆ ಅತ್ತೆ."

ಅರವತ್ತನೆಯ ಮಣೆಯನ್ನು ಎತ್ತಿ ಅಡಿಗೆಮನೆಯೊಳಗೆ ತಂದು ಗೋಡೆಗೆ ಒರಗಿಸಿದೆ. ಬಂದು ಮಗಳ ಎಲೆಗೆ ಅನ್ನ ಬಡಿಸಿ, ತೊವ್ವೆ ಹಾಕಿ, ತುಪ್ಪ ಬಿಟ್ಟೆ. ಮೊದಲ ಎಲೆಯಿಂದ ಬಡಿಸುವುದು ಪದ್ಧತಿ. ಅವತ್ತು ಕೊನೆಯ ಎಲೆಯಿಂದ ಶುರುಮಾಡಿದೆ.

ತುಂಗತ್ತೆ ಸೋಲುವವರಲ್ಲ. "ಫಣಿ, ಮುಂದಕ್ಕೆ ಹೇಳು. ರಸ್ತೆಯಲ್ಲಿ ಯಾರಾದರೂ ಹೋಗ್ತಾ ಇದ್ದರೆ ಒಬ್ಬರನ್ನು ಕರೆದು ಕೂರಿಸಲಿ. ಯಾರಾದರೂ ಆಗಬಹುದು."

"ಯಾರಾದರೂನಾ ಅತ್ತೆ?"

"ಯಾರಾದರೂ ಅಂದೆನಲ್ಲ."

"ಮಣೆ ಒಳಗಿದೆಯಲ್ಲ."

"ಮೊದಲು ಜನ ಸಿಗಲಿ, ಮಣೆ ತರಿಸೋಣ."

ಫಣಿ ಮೂವತ್ತೆಂಟಕ್ಕೆ ಹೇಳಿದ. ಮೂವತ್ತೆಂಟು ಮೂವತ್ತೇಳಕ್ಕೆ ಹೇಳಿತು. ಮಾತು ಬಾಯಿಂದ ಬಾಯಿಗೆ ಅಂಗಳ ದಾಟಿ, ರಸ್ತೆ ದಾಟಿ, ಶೆಡ್ಡಿನೊಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಒಂದನೆಯ ಮಣೆಯಿಂದ ಉತ್ತರ ಹಾಗೆಯೇ ವಾಪಸ್ ಬಂತು: "ಇಲ್ಲಿ ಯಾರೂ ಇಲ್ಲ."

ತುಂಗತ್ತೆ ಎಲೆಗೆ ಬಿದ್ದ ಉಪ್ಪು ನೋಡಿದರು. ಏಳಬಹುದಿತ್ತು. ಎದ್ದಿದ್ದರೆ ಐವತ್ತೆಂಟು ಜನ ಕೈ ತೊಳೆಯಬೇಕಿತ್ತು, ಅದರಲ್ಲಿ ಹನ್ನೊಂದು ಮಕ್ಕಳು. ನಾನು ಅನ್ನದ ಪಾತ್ರೆ ಹಿಡಿದು ಅವರ ಎದುರು ಬಗ್ಗಿ ನಿಂತೆ. ಅವರು ಬೇಡ ಎನ್ನಲಿಲ್ಲ. ಬಡಿಸಿದೆ. ಅವರು ಕಲಸಿ, ಮೊದಲ ತುತ್ತು ಬಾಯಿಗಿಟ್ಟರು.

ಇಡೀ ಸಾಲು ಉಣ್ಣತೊಡಗಿತು. ಮಗಳು ತಲೆ ಬಗ್ಗಿಸಿ, ಬೇಗ ಬೇಗ, ಹಸಿದ ಬಾಣಂತಿಯ ಹಾಗೆ ಉಂಡಳು. ಎರಡನೆಯ ಸಲ ಸಾರು ಹಾಕಿಸಿಕೊಂಡಳು. ನಾಲ್ಕನೆಯ ಒಬ್ಬಟ್ಟಿಗೆ ಸಾಕು ಎಂದು ಕೈ ಅಡ್ಡ ಹಿಡಿದಳು. ನಾನು ಬೆರಳ ಸಂದಿಯಲ್ಲೇ ಇಟ್ಟೆ.

ಅರ್ಧ ಗಂಟೆಗೆ ಎಲ್ಲರದೂ ಮುಗಿಯಿತು, ಒಬ್ಬರದು ಬಿಟ್ಟು. ಓಬಳಯ್ಯ ಮೇಷ್ಟ್ರು ಒಬ್ಬಟ್ಟನ್ನು ಹಾಲಿನಲ್ಲಿ ನೆನೆಸಿ, ಚೂರು ಚೂರು ಮಾಡಿ ಉಣ್ಣುತ್ತಿದ್ದರು. ಸಾಲು ಒಟ್ಟಿಗೆ ಏಳಬೇಕು. ತುಂಗತ್ತೆಯ ಕೈ ಒಣಗಿ ಬೆರಳಲ್ಲಿ ಅನ್ನ ಅಂಟಿಕೊಂಡಿತ್ತು. ಹೊಸ್ತಿಲ ಮೇಲೆ ಬಿಸಿಲು ಬಂದಿತ್ತು. ಮೇಷ್ಟ್ರಿಗೆ ಅದು ಗೊತ್ತಾಗಿ ಸಂಕೋಚವಾಯಿತು.

"ತಾಯಿ, ಕ್ಷಮಿಸಬೇಕು. ಹಲ್ಲು ಕಡಿಮೆ. ನನ್ನಿಂದ ತಮ್ಮ ಕೈ ಒಣಗಿತು."

ತುಂಗತ್ತೆ ರಸ್ತೆಯ ಕಡೆಗೇ ನೋಡುತ್ತಿದ್ದರು. ನಾನು ಮಜ್ಜಿಗೆಯ ಪಾತ್ರೆ ಹಿಡಿದು ಹಿಂದೆಯೇ ನಿಂತಿದ್ದೆ. ಅವರು ತಿರುಗಿ ಮೇಷ್ಟ್ರ ಎಲೆ ನೋಡಿದರು. ಎಲೆಯಲ್ಲಿ ಇನ್ನೂ ಅರ್ಧ ಒಬ್ಬಟ್ಟಿತ್ತು.

"ನಿಧಾನವಾಗಿ ಊಟ ಮಾಡಿ," ಎಂದರು. ಆಮೇಲೆ ನನಗೆ, "ಅನಸೂಯಾ, ಇವರಿಗೆ ಇನ್ನೊಂದಿಷ್ಟು ಬಿಸಿ ಹಾಲು ಹಾಕು. ಒಣ ಒಬ್ಬಟ್ಟು ಹೇಗೆ ಇಳಿಯುತ್ತೆ?"

ಒಳಗೆ ಹೋಗಿ ಹಾಲು ಬಿಸಿ ಮಾಡಿ, ದೊಡ್ಡ ಲೋಟದ ತುಂಬ ತಂದೆ.

*

ಮೇಷ್ಟ್ರದು ಮುಗಿದ ಮೇಲೆ ಸಾಲು ಎದ್ದಿತು. ಎಲ್ಲರೂ ಎದ್ದರು ಎಂದೇ ನಾವೆಲ್ಲ ತಿಳಿದದ್ದು. ತುಂಗತ್ತೆ ಕೈ ತೊಳೆದು, ಯಂತ್ರಕ್ಕೆ ಎಣಿಸಲು ಬರುವುದಿಲ್ಲ ಎಂದು ಫಣಿಗೆ ಹೇಳಿ, ಮಗುವಿನ ಹತ್ತಿರ ಹೋಗಿ ಕೂತರು. ನಾನು ಅಡಿಗೆಮನೆಯಲ್ಲಿ ಪಾತ್ರೆ ಒಟ್ಟು ಮಾಡುತ್ತಿದ್ದೆ.

ಆಗ ಪೆಟ್ಟಿಗೆ ಮತ್ತೆ ಗಂಟಲು ಸರಿಮಾಡಿಕೊಂಡಿತು. "ದಯವಿಟ್ಟು ಗಮನಿಸಿ. ಒಬ್ಬರು." ಸ್ವಲ್ಪ ತಡೆದು, ಮತ್ತೆ, "ಒಬ್ಬರು." ಅದಕ್ಕೆ ಮುಂದೇನು ಹೇಳಬೇಕೋ ತಿಳಿಯಲಿಲ್ಲ.

"ಒಂದು ಹಾಗೇನೇ," ಎಂದರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಮೇಷ್ಟ್ರು. "ಅದು ಅವಿಭಾಜ್ಯದಲ್ಲೂ ಸೇರಲ್ಲ, ಭಾಜ್ಯದಲ್ಲೂ ಸೇರಲ್ಲ."

ಶೆಡ್ಡಿನ ಕಡೆಯಿಂದ ಚಕ್ರದ ಸದ್ದು. ನಮ್ಮ ಮನೆಯವರು ಮಣೆಯ ಮೇಲೆ ಕೂತಲ್ಲೇ, ಎಲೆ ಮುಂದಿಟ್ಟುಕೊಂಡು, ರಸ್ತೆ ದಾಟಿ, ಅಂಗಳ ದಾಟಿ, ಹೊಸ್ತಿಲು ದಾಟಿ ಬರುತ್ತಿದ್ದರು. ಮಣೆ ಒಂದು ಗೋಡೆಯ ಹತ್ತಿರ ಹೋಗಿ, ಸಾಲು ಸಿಗದೆ ತಿರುಗಿ, ಇನ್ನೊಂದರ ಹತ್ತಿರ ಹೋಗಿ, ಕೊನೆಗೆ ಅಡಿಗೆಮನೆಯ ಬಾಗಿಲಿಗೆ ಬಂದು ಅನುಮಾನಿಸುತ್ತ ನಿಂತಿತು. ಸಾಲು ಎದ್ದ ಸುದ್ದಿ ಶೆಡ್ಡಿನವರೆಗೆ ಹೋಗಿರಲಿಲ್ಲ.

"ಮೊಸರನ್ನ ಬರಲಿಲ್ಲ," ಎಂದರು.

ವಿನುತಾ ನನ್ನ ಕೈಯಿಂದ ಸೌಟು ತೆಗೆದುಕೊಂಡಳು. "ನೀನು ಕೂರಮ್ಮ. ಮೂರು ಗಂಟೆಯಾಯಿತು. ನಾನು ಬಡಿಸ್ತೀನಿ."

ಗೋಡೆಗೆ ಒರಗಿಸಿದ್ದ ಮಣೆಯನ್ನು ಇಳಿಸಿ ಅವರ ಪಕ್ಕ ಹಾಕಿಕೊಂಡು ಕೂತೆ. "ಇಬ್ಬರು. ಒಂದು ಸಾಲು," ಎಂದು ಹೇಳಿ ಪೆಟ್ಟಿಗೆ ಸುಮ್ಮನಾಯಿತು. ಮಗಳು ಇಬ್ಬರಿಗೂ ಬಡಿಸಿದಳು.

ಅವರು ಎರಡು ತುತ್ತು ಉಂಡು, ನನಗೆ ಮಾತ್ರ ಕೇಳುವಂತೆ ಹೇಳಿದರು. "ಒಬ್ಬರು ಬೇಕು ಅಂತ ಹೇಳಿಕಳಿಸಿದಾಗ ಶೆಡ್ಡಿನ ಬಾಗಿಲಲ್ಲಿ ತರಕಾರಿ ಗಾಡಿಯವನು ನಿಂತಿದ್ದ. ಏನು ಸ್ವಾಮಿ ಊಟ ಜೋರಾ, ನಾನೂ ಕೂರಲಾ ಅಂತ ಕೇಳಿದ. ನಾಲ್ಕು ಗಂಟೆಗೆ ಬಾ, ಹೊಟ್ಟೆ ತುಂಬಾ ಬಡಿಸ್ತಾರೆ ಅಂದೆ."

ನಾನು ಅವರ ಮುಖ ನೋಡಿದೆ. ಅವರು ಎಲೆ ನೋಡುತ್ತಿದ್ದರು.

"ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು," ಎಂದರು.